ಪ್ರಯಾಣಿಕರು ನೀವೇನಾ?

ಜನವರಿ 19, ಸೋಮವಾರ

ಸ್ವಯಂನಿವೃತ್ತಿ ತೆಗೆದುಕೊಂಡವನು ಮನೆಯಲ್ಲಿ ಏನು ಮಾಡಬೇಕು ಎಂದು ಕಾರ್ಖಾನೆಯವರು ಹೇಳಿ ಕಳಿಸುವುದಿಲ್ಲ. ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಾರೆ. ರಾಜಾಜಿನಗರದಲ್ಲಿ ಅಷ್ಟು ವರ್ಷ ಸ್ಟೋರ್ಸ್ ನೋಡಿಕೊಂಡ ನಾನು ಕಳೆದ ವಾರ ನಮ್ಮ ಅಡುಗೆಮನೆಯ ಡಬ್ಬಗಳನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸಿದೆ. ಅರಿಸಿನದಿಂದ ಶುರುವಾಗಿ ಹೆಸರುಬೇಳೆಗೆ ಮುಗಿಯಿತು. ಲತಾ ನೋಡಿದಳು. ಸಾಯಂಕಾಲದ ಹೊತ್ತಿಗೆ ಡಬ್ಬಗಳೆಲ್ಲ ತಮ್ಮ ಹಳೆಯ ಜಾಗಕ್ಕೆ ವಾಪಸು ಹೋಗಿದ್ದವು.

ಇವತ್ತು ದೊಡ್ಡ ಸುದ್ದಿ. ನಲವತ್ತೈದು ದಾಟಿದ ಹೆಂಗಸರ ರಾಷ್ಟ್ರಮಟ್ಟದ ಥ್ರೋಬಾಲ್ ಪಂದ್ಯಾವಳಿ ಇಂದೋರಿನಲ್ಲಂತೆ. ವಿಜಯನಗರದ ತಂಡಕ್ಕೆ ಕರೆ ಬಂದಿದೆ, ಅದರಲ್ಲಿ ನನ್ನ ಹೆಂಡತಿಯೂ ಇದ್ದಾಳೆ. ಥ್ರೋಬಾಲ್ ಎಂದರೆ ನನಗೆ ತಿಳಿದಂತೆ ಬಂದ ಚೆಂಡನ್ನು ಹಿಡಿದು ಬಂದ ಕಡೆಗೇ ಎಸೆಯುವುದು. ಅದಕ್ಕೆ ಇಂದೋರಿನವರೆಗೆ ಯಾಕೆ ಹೋಗಬೇಕು ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ನಾಲ್ಕು ದಿನ ಊಟಕ್ಕೇನು ಮಾಡೋದು?" ಎಂದಷ್ಟೇ ಕೇಳಿದೆ.

"ಯಾವ ಡಬ್ಬ ಎಲ್ಲಿದೆ ಅಂತ ನಿಮಗೇ ಚೆನ್ನಾಗ್ ಗೊತ್ತಲ್ರೀ" ಅಂದಳು.

ತಂಡದವರೆಲ್ಲ ಫೆಬ್ರವರಿ 7ರ ಶನಿವಾರ ರೈಲಿಗೆ ಹೊರಡುತ್ತಾರೆ. ಆದರೆ ಮಾರನೆಯ ಭಾನುವಾರ ನಮ್ಮ ಅಪ್ಪನ ತಿಥಿ. ಎಡೆಗೆ ಸೊಸೆಯೇ ಅಡುಗೆ ಮಾಡಬೇಕು ಎನ್ನುವುದು ಅಮ್ಮನ ಪಟ್ಟು. ಹಾಗಾಗಿ ಲತಾ ಸೋಮವಾರ ಒಬ್ಬಳೇ ವಿಮಾನದಲ್ಲಿ ಹೋಗಬೇಕು. ಮಂಗಳವಾರ ಸಾಯಂಕಾಲ ನಾಲ್ಕಕ್ಕೆ ಮೊದಲ ಪಂದ್ಯ. ಅವಳು ಇದುವರೆಗೆ ವಿಮಾನ ಹತ್ತಿಲ್ಲ. ಆಫೀಸಿನ ಕೆಲಸಕ್ಕೆ ಎರಡು ಸಲ ಹತ್ತಿದ ಅನುಭವಸ್ಥ ನಾನಿದ್ದೇನೆ. "ಟಿಕೆಟ್ ಜವಾಬ್ದಾರಿ ನಂದು, ನೀನು ತಲೆ ಕೆಡಿಸ್ಕೋಬೇಡ" ಅಂದೆ. ಹೇಳುವಾಗ ಎದೆ ಸ್ವಲ್ಪ ಮುಂದಕ್ಕೆ ಬಂದಿದ್ದು ನನಗೇ ಗೊತ್ತಾಯಿತು.

ಜನವರಿ 21, ಬುಧವಾರ

ಟಿಕೆಟ್ ಆಯಿತು. ಚಿರ್ಪಿ ಏರ್ ಅಂತ ಒಂದು ಅಗ್ಗದ ವಿಮಾನದ ಕಂಪನಿ. ಅವರ ಆ್ಯಪ್ ತೆರೆದರೆ "ಈಗ ಹೊಸ ರೂಪದಲ್ಲಿ! ನಿಮ್ಮ ಭಾಷೆಯಲ್ಲಿ! ಚಿಟಿಕೆ ಹೊಡೆಯುವಷ್ಟರಲ್ಲಿ ಟಿಕೆಟ್!" ಎಂದು ಬಂತು. ಆಮೇಲೆ ಒಂದು ಹಳದಿ ಹಕ್ಕಿ ರೆಕ್ಕೆ ಬಡಿದು, "ನಮಸ್ಕಾರ ಮಹದೇವ್ ಅವರೇ! ನಾನು ಚಿನ್ನು, ತಮ್ಮ ಸೇವೆಯಲ್ಲಿ" ಎಂದು ಹೆಣ್ಣುದನಿಯಲ್ಲಿ ಹೇಳಿತು. ಹಿಂದೆ ಟಿಕೆಟ್ ಮಾಡಿಸಬೇಕಾದರೆ ಏಜೆಂಟನ ಅಂಗಡಿ ಮುಂದೆ ನಿಂತು ಅವನ ಮೂಡು ನೋಡಿಕೊಂಡು ಮಾತಾಡಬೇಕಿತ್ತು. ಈಗ ಒಂದು ಹಕ್ಕಿ ನನ್ನನ್ನು ತಾವು ಅನ್ನುತ್ತಿದೆ. ಖುಷಿಯಾಯಿತು.

ಅದು ಕೇಳಿದ್ದಕ್ಕೆಲ್ಲ ಹೌದು, ಹೌದು, ಹೌದು ಎಂದು ಒತ್ತುತ್ತಾ ಹೋದೆ. ಕ್ಯಾನ್ಸಲ್ ಆಗದ, ಬದಲಾವಣೆಯಿಲ್ಲದ ಎಲ್ಲಕ್ಕಿಂತ ಅಗ್ಗದ ಟಿಕೆಟನ್ನೇ ಆರಿಸಿದೆ. ನಾವೇನು ಬದಲಾಯಿಸುವವರೇ? ಐದು ನಿಮಿಷವೂ ಹಿಡಿಯಲಿಲ್ಲ. ಲತಾಗೆ ಹೇಳಿದೆ, "ನೋಡು, ಹೀಗ್ ಮಾಡ್ಬೇಕು." ಅವಳು ಚಪಾತಿ ಒತ್ತುತ್ತಾ "ಹ್ಞೂಂ" ಅಂದಳು. ಇನ್ನೂ ಸ್ವಲ್ಪ ಹೊಗಳಬಹುದಿತ್ತು.

ಜನವರಿ 23, ಶುಕ್ರವಾರ

ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ.

ಟಿಕೆಟನ್ನು ಲ್ಯಾಮಿನೇಟ್ ಮಾಡಿಸೋಣ ಎಂದು ಮಾರ್ಕೆಟ್ ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ವಿಮಾನದ ಟಿಕೆಟನ್ನು ಯಾರೂ ಲ್ಯಾಮಿನೇಟ್ ಮಾಡಿಸುವುದಿಲ್ಲ ಎಂದು ಗೊತ್ತು. ಸ್ಟೋರ್ಸಿನವನ ಅಭ್ಯಾಸ, ಕೈ ಸುಮ್ಮನಿರುವುದಿಲ್ಲ. ಅಂಗಡಿಯವರು ಕಾಗದ ಯಂತ್ರಕ್ಕೆ ಕೊಡುತ್ತಾ, "ಏನ್ ಸಾರ್, ಇಂದೋರ್‌ಗಾ?" ಅಂದರು.

"ನಾನಲ್ಲಪ್ಪ. ನಮ್ಮ ಮಿಸೆಸ್ಸು."

"ಇದ್ರಲ್ಲಿ ಮಿಸ್ಟರ್ ಮಹದೇವ್ ಅಂತಿದ್ಯಲ್ಲ ಸಾರ್?"

ಅಷ್ಟರಲ್ಲಿ ಟಿಕೆಟು ಯಂತ್ರದ ಆ ಕಡೆಯಿಂದ ಬಿಸಿಬಿಸಿಯಾಗಿ, ಗಟ್ಟಿಯಾಗಿ ಹೊರಗೆ ಬಂತು. ನೀರು ಬಿದ್ದರೂ ಅಳಿಸದ ಹಾಗೆ ನನ್ನ ಹೆಸರು.

ಮನೆಗೆ ಬಂದು ಆ್ಯಪಿನಲ್ಲಿ ಮತ್ತೆ ಮೊದಲಿಂದ ಹೋಗಿ ನೋಡಿದೆ. ಮೂರನೆಯ ಪ್ರಶ್ನೆ: "ಪ್ರಯಾಣಿಕರು ನೀವೇನಾ?" ಹೌದು ಅಂತ ಒತ್ತಿದರೆ ಫೋನಿನ ಯಜಮಾನನ ಹೆಸರೇ ತಾನಾಗಿ ಕೂರುತ್ತದೆ. ಜನರ ಶ್ರಮ ತಪ್ಪಿಸಲೆಂದು ಮಾಡಿದ ಹೊಸ ಸೌಲಭ್ಯವಂತೆ. ನನ್ನಂಥವನೂ ಜನರ ಪೈಕಿ ಇರುತ್ತಾನೆ ಎಂದು ಅವರಿಗೆ ಹೊಳೆದಿಲ್ಲ.

ಇನ್ನೊಂದು ಮಾತು. ಇದನ್ನು ಓದುವವನು ನಾನೊಬ್ಬನೇ ಆದ್ದರಿಂದ ಬರೆದಿಡುತ್ತೇನೆ. ಮೊದಲು ಗಾಬರಿಯಾಯಿತು, ಅದರ ಹಿಂದೆಯೇ ಸ್ವಲ್ಪ ಸಮಾಧಾನವೂ ಆಯಿತು. ಟಿಕೆಟ್ ಸರಿಯಾಗದಿದ್ದರೆ ಅವಳು ಹೋಗುವುದಿಲ್ಲ. ನಾನು ಬೇಡ ಅಂದ ಹಾಗೂ ಆಗುವುದಿಲ್ಲ, ವಿಮಾನದವರು ಬೇಡ ಅಂದ ಹಾಗಾಗುತ್ತದೆ. ಮನೆಯಲ್ಲಿ ನಾಲ್ಕು ದಿನ ನಾನು, ಅಮ್ಮ, ಆ ಗೋಡೆ ಗಡಿಯಾರ ಅಂತ ನೆನೆಸಿಕೊಂಡರೆ ಭಯವಾಗುತ್ತದೆ. ಲತಾಗೆ ಏನೂ ಹೇಳಿಲ್ಲ.

ಜನವರಿ 26, ಸೋಮವಾರ

ಚಿನ್ನು ಜೊತೆ ಬೆಳಿಗ್ಗೆಯಿಂದ ಮಾತಾಡುತ್ತಿದ್ದೇನೆ. ಟೈಪ್ ಮಾಡುವುದು ಬೇಡ, ಬಾಯಲ್ಲಿ ಹೇಳಿದರೂ ಸಾಕು ಎನ್ನುವುದು ಇನ್ನೊಂದು ಹೊಸ ಸೌಲಭ್ಯ. ಲತಾ ಕಿವಿಗೆ ಬೀಳಬಾರದೆಂದು ತಾರಸಿಗೆ ಹೋಗಿ ಸಿಂಟೆಕ್ಸ್ ಟ್ಯಾಂಕಿನ ಹಿಂದೆ ನಿಂತು, "ಚಿನ್ನು, ಹೆಸರು ಬದಲಾಯಿಸಮ್ಮ" ಅಂದೆ.

"ಖಂಡಿತ ಮಹದೇವ್ ಅವರೇ! ಹೆಸರಿನಲ್ಲಿ ಮೂರು ಅಕ್ಷರಗಳವರೆಗೆ ತಿದ್ದಬಹುದು."

ಮಹದೇವನನ್ನು ಮೂರು ಅಕ್ಷರದಲ್ಲಿ ಲತಾ ಮಾಡುವುದು ಹೇಗೆ? ಹಾಗೇ ಕೇಳಿದೆ. "ತಮ್ಮ ಭಾವನೆ ನನಗೆ ಅರ್ಥವಾಗುತ್ತದೆ" ಅಂತು. ನನ್ನ ಭಾವನೆ ನನಗೇ ಸರಿಯಾಗಿ ಅರ್ಥವಾಗಿಲ್ಲ. ಕೊನೆಗೆ ತಾಳ್ಮೆ ಕೆಟ್ಟು, "ಚಿನ್ನು, ನನ್ನ ಕಷ್ಟ ನಿನಗೆ ಗೊತ್ತಾಗ್ತಿಲ್ಲ, ನನ್ನ ಹೆಂಡ್ತಿಗೆ ಗೊತ್ತಾದ್ರೆ ಕತೆ ಮುಗೀತು" ಎಂದು ಗಟ್ಟಿಯಾಗಿ ಅಂದುಬಿಟ್ಟೆ. ತಿರುಗಿ ನೋಡಿದರೆ ಅಮ್ಮ ಒಣಗಿದ ಬಟ್ಟೆ ಎತ್ತಿಕೊಳ್ಳುತ್ತಾ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ ಇಳಿದು ಹೋದರು.

ಜನವರಿ 29, ಗುರುವಾರ

ಲತಾ ನೀರಿನ ಬಾಟಲಿ ಮರೆತು ಹೋಗಿದ್ದಳು. ಮನೆಯಲ್ಲಿ ಕೂತು ಮಾಡುವುದಾದರೂ ಏನು ಎಂದು ನಾನೇ ಮೈದಾನಕ್ಕೆ ತೆಗೆದುಕೊಂಡು ಹೋದೆ. ಅವಳು ನಾಲ್ಕು ವರ್ಷದಿಂದ ಆಡುತ್ತಿದ್ದಾಳೆ, ನಾನು ನೋಡಿದ್ದು ಇದೇ ಮೊದಲು.

ಗೇಟಿನಲ್ಲಿ ಒಬ್ಬಾಕೆ ನನ್ನನ್ನು ತಡೆದು, "ಲತಾ ಮೇಡಂ ಹಸ್ಬೆಂಡಾ ಸಾರ್?" ಎಂದು ಕೇಳಿದರು. ವಿಜಯನಗರದಲ್ಲಿ ಹುಟ್ಟಿ ಬೆಳೆದವನು ನಾನು. ಇಲ್ಲಿಯವರೆಗೆ ಅವಳನ್ನು ಮಹದೇವ್ ಮಿಸೆಸ್ ಅನ್ನುತ್ತಿದ್ದರೇ ಹೊರತು ಹೀಗೆ ಯಾರೂ ಕೇಳಿರಲಿಲ್ಲ. ಮುಖ ಗಂಟಿಕ್ಕಿಕೊಂಡು ಹೌದು ಅಂದೆ.

ಆಟ ನಾನು ಅಂದುಕೊಂಡ ಹಾಗಿಲ್ಲ. ಚೆಂಡು ಕೈಗೆ ಬಂದ ಮೂರು ಸೆಕೆಂಡಿನೊಳಗೆ ಎಸೆಯಬೇಕು, ಭುಜದ ಮೇಲಿಂದ, ಒಂದೇ ಕೈಯಲ್ಲಿ. ಲತಾ ಚೂಡಿದಾರದ ಮೇಲೆ ನೀಲಿ ಜೆರ್ಸಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಸರ್ವ್ ಮಾಡುವ ಮುಂಚೆ ಚೆಂಡನ್ನು ಒಂದು ಸಲ ಹಣೆಗೆ ಒತ್ತಿಕೊಳ್ಳುತ್ತಾಳೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೋ ಆ ಕಡೆಯವರಿಗೆ ತಿಳಿಯುವುದೇ ಇಲ್ಲ. ಕ್ಯಾಪ್ಟನ್ ಸುಮಾ "ಲತಕ್ಕಾ!" ಎಂದು ಕೂಗುತ್ತಾ ಓಡಿ ಬಂದು ತಬ್ಬಿಕೊಂಡರು. ಲತಾ ಬಾಯಿ ತುಂಬ ನಕ್ಕಳು. ಮನೆಯಲ್ಲಿ ಅವಳು ಹಾಗೆ ನಕ್ಕಿದ್ದು ಯಾವಾಗ ಎಂದು ಯೋಚಿಸಿ ಯೋಚಿಸಿ ಮೈದಾನದಿಂದ ಮನೆಯವರೆಗೆ ನಡೆದು ಬಂದೆ.

ಬಾಟಲಿ ಕೊಡುವುದು ಮರೆತಿದ್ದೆ.

ಜನವರಿ 31, ಶನಿವಾರ

ಬಯಲಾಯಿತು. ಅಮ್ಮ ಮಾಡಿದ ಉಪಕಾರ.

ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಲತಾಗೆ ಹೇಳುತ್ತಿದ್ದದ್ದು ಬಚ್ಚಲಿಗೆ ಕೇಳಿಸುತ್ತಿತ್ತು. "ನಾನು ಅತ್ತೆ ಅಂತ ಹೇಳ್ತಿಲ್ಲ ಕಣವ್ವ, ಹೆಂಗಸು ಅಂತ ಹೇಳ್ತಿದೀನಿ. ಅವ್ನು ದಿನಾ ತಾರಸಿ ಮೇಲೆ ಯಾವಳೋ ಚಿನ್ನು ಹತ್ರ ಮಾತಾಡ್ತಾನೆ. ನಿಂಗೆ ಗೊತ್ತಾದ್ರೆ ಕತೆ ಮುಗೀತು ಅಂತಿದ್ದ. ದನಿ ಕೇಳುದ್ರೆ ಚಿಕ್ಕ ವಯಸ್ಸು."

ಸೋಪಿನ ನೊರೆಯಲ್ಲೇ ಹೊರಗೆ ಬಂದು ಫೋನು ತೋರಿಸಿ, ಹಕ್ಕಿ ತೋರಿಸಿ, ಕೊನೆಗೆ ಲ್ಯಾಮಿನೇಟ್ ಆದ ಟಿಕೆಟೂ ತೋರಿಸಬೇಕಾಯಿತು. ನಾನು ಅಂದುಕೊಂಡಿದ್ದೆ, ಚಿನ್ನು ಹೆಣ್ಣಲ್ಲ ಅಂತ ತಿಳಿದ ಖುಷಿಯಲ್ಲಿ ಟಿಕೆಟಿನ ವಿಷಯ ಮುಚ್ಚಿಹೋಗುತ್ತದೆ ಎಂದು. ಲತಾ ಟಿಕೆಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಒಳ್ಳೇದಾಯ್ತು ಬಿಡಿ. ನೀವೇ ಹೋಗ್ಬನ್ನಿ ಇಂದೋರ್‌ಗೆ. ನನ್ ಜಾಗದಲ್ಲಿ ನೀವೇ ಆಡಿ."

"ತಪ್ಪಾಗೋಯ್ತು ಕಣೇ."

"ಟಿಕೆಟ್ ತಪ್ಪಾಗಿದ್ದು ಸರಿ ರೀ. ಎಂಟು ದಿನ ಯಾಕೆ ಹೇಳ್ಲಿಲ್ಲ? ನಾನು ಹೋಗೋದು ನಿಮಗೆ ಇಷ್ಟ ಇಲ್ವಾ?"

ಹಾಗೇನಿಲ್ಲ ಅನ್ನಬೇಕಿತ್ತು. ಮೈಮೇಲಿನ ನೊರೆ ಒರೆಸಿಕೊಳ್ಳುತ್ತಾ ನಿಂತೆ. ಅವಳು ಅಷ್ಟಕ್ಕೇ ಅರ್ಥ ಮಾಡಿಕೊಂಡು ಒಳಗೆ ಹೋದಳು. ಸಂಜೆ ಮೈದಾನಕ್ಕೂ ಹೋಗಲಿಲ್ಲ, ಟೀವಿ ಮುಂದೆ ಕೂತಿದ್ದಳು, ಟೀವಿ ಹಾಕಿರಲಿಲ್ಲ. ನಾನೇ ಕಾಫಿ ಮಾಡಿ ಮುಂದಿಟ್ಟೆ. ಡಿಕಾಕ್ಷನ್ ಹೆಚ್ಚಾಗಿ ಕಹಿಯಾಗಿತ್ತು. ಕುಡಿದು ಲೋಟ ತೊಳೆದಿಟ್ಟಳು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಫೆಬ್ರವರಿ 2, ಸೋಮವಾರ

ಇವತ್ತು ಹಟ ಹಿಡಿದು ಮನುಷ್ಯರ ಜೊತೆಗೇ ಮಾತಾಡಿದೆ. "ಪ್ರತಿನಿಧಿ" ಎಂದು ಮೂರು ಸಲ ಒತ್ತಿ ಹೇಳಿದರೆ ಚಿನ್ನು ಮುನಿಸಿಕೊಳ್ಳದೆ ದಾರಿ ಬಿಡುತ್ತದೆ. ಇದೂ ಮೊದಲಿಂದ ಅಲ್ಲೇ ಬರೆದಿತ್ತಂತೆ. ಆ ಕಡೆ ಬಂದವನ ಹೆಸರು ಶ್ರೀಶ, ಕನ್ನಡದವನೇ. ನನ್ನ ಕತೆಯನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದ.

"ಸಾರ್, ಈ ಫೇರಲ್ಲಿ ಹೆಸರು ಬದಲಾಗಲ್ಲ, ಕ್ಯಾನ್ಸಲ್ಲೂ ಆಗಲ್ಲ. ಬೇಕಾದ್ರೆ ನೀವು ಹೋಗ್ಬರ್ಬೋದು ಅಷ್ಟೆ."

"ನಾನ್ ಹೋಗಿ ಏನಪ್ಪಾ ಮಾಡ್ಲಿ, ಸರ್ವ್ ಮಾಡೋಳು ಅವಳು!" ಅಂದೆ. "ಹಿಂದಿನ ಸಾಲಲ್ಲಿ ಅವಳಿಲ್ದಿದ್ರೆ ಆ ತಂಡಕ್ಕೆ ಗತಿಯಿಲ್ಲ."

ಇಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಲತಾ ಬಾಗಿಲಲ್ಲಿ ನಿಂತಿದ್ದಳು.

ಬರುವ ಸೋಮವಾರದ ವಿಮಾನ ಭರ್ತಿ. ತುಂಬಿದ ವಿಮಾನದಲ್ಲಿ ನನ್ನ ಹೆಸರಿನ ಒಂದೇ ಒಂದು ಸೀಟು ಖಾಲಿ ಹೋಗುತ್ತದೆ, ಅದು ಅವಳಿಗೆ ಸಿಗುವುದಿಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದಿದೆ, ಮಧ್ಯಾಹ್ನ ಒಂದರ ಹೊತ್ತಿಗೆ ಇಂದೋರ್ ಎಂದು ಶ್ರೀಶ ಹುಡುಕಿ ಹೇಳಿದ. ಹೋದ ದುಡ್ಡಿನ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಓದಿದರೆ ಹೊಟ್ಟೆ ಉರಿಯುತ್ತದೆ.

ಈ ಸಲ ಲತಾ ತನ್ನ ಫೋನಿನಲ್ಲೇ ಮಾಡಿದಳು. "ಪ್ರಯಾಣಿಕರು ನೀವೇನಾ?" ಎಂದು ಬಂತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಮೇಲೆ ಒತ್ತಿದಳು, ಹೌದು.

ಫೆಬ್ರವರಿ 4, ಬುಧವಾರ

ಅಮ್ಮನದು ಹೊಸ ತಕರಾರು. "ಮಂಗಳವಾರ ಮನೆ ಹೆಣ್ಣು ಹೊಸಿಲು ದಾಟ್ಬಾರ್ದು ಕಣೋ ಮಾದೇವ. ಶುಕ್ರವಾರನೂ ಇಲ್ಲ. ಆ ವಿಮಾನದೋರಿಗೆ ಹೇಳು, ಬುಧವಾರ ಬಿಡ್ಲಿ."

ಬುಧವಾರ ಹೋದರೆ ಮೊದಲ ಪಂದ್ಯ ಮುಗಿದಿರುತ್ತದೆ ಎಂದೆ. ಅಮ್ಮ ಕದಲಲಿಲ್ಲ. ಎರಡು ವಾರದ ಹಿಂದೆ ಆಗಿದ್ದರೆ ಅಮ್ಮನ ಪಕ್ಷ ವಹಿಸಿ ಸುಮ್ಮನಾಗಿರುತ್ತಿದ್ದೆನೋ ಏನೋ. ಇವತ್ತು ಯಾಕೋ ಸಿಟ್ಟು ಬಂದು ಎದುರುಮನೆಯ ವಿಠ್ಠಲನ ಹತ್ತಿರ ಹೇಳಿಕೊಂಡೆ. ಅವನು ನಕ್ಕು, "ಅದಕ್ಕೇ ಅಲ್ವೇನಣ್ಣ ಪ್ರಸ್ಥಾನ ಇಡೋದು?" ಅಂದ.

ನನಗೆ ಮರೆತೇ ಹೋಗಿತ್ತು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಒಳ್ಳೆಯ ದಿನ ನೋಡಿ ಮುಂಚೆಯೇ ಒಂದು ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟುಬಿಡುತ್ತಿದ್ದರು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಅಮ್ಮನಿಗೆ ಹೇಳಿದೆ, ಒಪ್ಪಿದರು. ಚಿರ್ಪಿ ಏರ್‌ಗಿಂತ ನಮ್ಮ ಹಿರಿಯರ ಬದಲಾವಣೆ ನಿಯಮ ಸಲೀಸಾಗಿದೆ.

ಫೆಬ್ರವರಿ 8, ಭಾನುವಾರ

ಅಪ್ಪನ ತಿಥಿ. ಲತಾ ಒಲೆ ಮುಂದೆ, ನಾನು ಕಾಯಿ ತುರಿಯಲು. ಕೈ ಕುಯ್ದುಕೊಂಡೆ. ಸುಸ್ತು.

ಫೆಬ್ರವರಿ 9, ಸೋಮವಾರ

ಬೆಳಿಗ್ಗೆ ರಾಹುಕಾಲ ಕಳೆದ ಮೇಲೆ ಪ್ರಸ್ಥಾನ ಇಟ್ಟೆವು. ಚಿಕ್ಕ ನೀಲಿ ಬ್ಯಾಗಿನಲ್ಲಿ ಅವಳ ಶೂ, ಜೆರ್ಸಿ, ಮಂಡಿಗೆ ಹಾಕುವ ಪಟ್ಟಿ. ಆಧಾರ್ ಕಾರ್ಡೂ ಮರೆಯಬಾರದೆಂದು ನಾನೇ ಅದರಲ್ಲಿ ಹಾಕಿದೆ. ಅಮ್ಮ ಅರಿಸಿನ ಕುಂಕುಮ ಹಚ್ಚಿದರು. ವಿಠ್ಠಲ ಅದನ್ನು ದೇವರ ಕೋಣೆಯಲ್ಲಿಟ್ಟುಕೊಂಡ.

ಮಧ್ಯಾಹ್ನ ಚಿನ್ನುವಿನಿಂದ ಸಂದೇಶ: "ಮಹದೇವ್ ಅವರೇ, ತಮ್ಮ ವಿಮಾನ ಹೊರಡಲು ಸಿದ್ಧವಾಗಿದೆ. ತಾವು ಎಲ್ಲಿದ್ದೀರಿ?" ನಾನು ಪಾತ್ರೆ ತೊಳೆಯುತ್ತಿದ್ದೆ.

ಫೆಬ್ರವರಿ 10, ಮಂಗಳವಾರ

ಆರೂವರೆಗೆ ಕ್ಯಾಬ್ ಬಂತು. ಏರ್‌ಪೋರ್ಟಿನವರೆಗೂ ನಾನೂ ಹೋಗಿ ಬಾಗಿಲಲ್ಲಿ ಬಿಟ್ಟು ಬರುವುದೆಂದು ತೀರ್ಮಾನ. ದಾರಿಯುದ್ದಕ್ಕೂ ಹೇಳುತ್ತಿದ್ದೆ, ಮೊದಲು ಇಲ್ಲಿ ನಿಲ್ಲಬೇಕು, ಆಮೇಲೆ ಅಲ್ಲಿ ನಿಲ್ಲಬೇಕು, ಬೆಲ್ಟ್ ಹೀಗೆ ಹಾಕಬೇಕು. ಲತಾ ಹ್ಞೂಂಗುಟ್ಟುತ್ತಿದ್ದಳು. ನವರಂಗ್ ಸರ್ಕಲ್ ದಾಟುವಾಗ ಹ್ಞೂಂ ನಿಂತಿತು.

"ರೀ, ಆ ನೀಲಿ ಬ್ಯಾಗು?"

ಪ್ರಯಾಣ ನಿನ್ನೆಯೇ ಶುರುವಾಯಿತು ಎಂದು ಮೂವರೂ ಎಷ್ಟು ಗಟ್ಟಿಯಾಗಿ ನಂಬಿದ್ದೆವೆಂದರೆ, ಬ್ಯಾಗು ಎದುರುಮನೆಯಲ್ಲೇ ಉಳಿದಿದ್ದು ಯಾರಿಗೂ ನೆನಪಾಗಿರಲಿಲ್ಲ.

"ನೀನು ಮುಂದೆ ಹೋಗ್ತಿರು, ನಾನು ತರ್ತೀನಿ" ಎಂದು ಇಳಿದೆ.

"ನಾನೊಬ್ಳೇನಾ?" ಅಂದಳು. ಒಂದು ಕ್ಷಣ ಮುಖ ಬಿಳಚಿಕೊಂಡಿತ್ತು. ಆಮೇಲೆ ತಾನೇ ಡ್ರೈವರಿಗೆ, "ನಡೀರಿ ಅಣ್ಣ" ಅಂದಳು.

ಆಟೋ ಹಿಡಿದು ವಾಪಸು ಬಂದರೆ ವಿಠ್ಠಲನ ಮನೆಗೆ ಬೀಗ. ಒಂಟಿ ಜೀವ, ಕೀಲಿ ಅವನ ಜೇಬಲ್ಲೇ. ಅಮ್ಮ ಜಗುಲಿಯಿಂದ, "ಗಾಳಿ ಆಂಜನೇಯನ ಗುಡಿಗೆ ಹೋದ ಕಣೋ. ಮಂಗಳವಾರ ಅಲ್ವಾ" ಅಂದರು. ಫೋನು ಮಾಡಿದರೆ ಸ್ವಿಚ್ ಆಫ್. ಮೆಟ್ರೊ ಹತ್ತಿ ದೀಪಾಂಜಲಿ ನಗರದಲ್ಲಿ ಇಳಿದು, ಈ ವಯಸ್ಸಿನಲ್ಲಿ ಓಡಿದೆ. ವಿಠ್ಠಲ ವೀಳ್ಯದೆಲೆ ಹಾರ ಹಿಡಿದು ಸಾಲಿನಲ್ಲಿ ನಿಂತಿದ್ದ.

"ಮಂಗಳಾರತಿ ಒಂದ್ ಆಗೋಗ್ಲಿ ಇರಣ್ಣ."

"ಲತಾ ಮ್ಯಾಚು ಕಣೋ!" ಎಂದು ಕೂಗಿದೆ. ಸಾಲಿನವರೆಲ್ಲ ತಿರುಗಿ ನೋಡಿದರು. ಅವನು ಹಾರವನ್ನು ಮುಂದಿದ್ದ ಹೆಂಗಸಿನ ಕೈಗೆ ಕೊಟ್ಟು ಹೊರಟ.

ಅವನ ಸ್ಕೂಟರಿನಲ್ಲೇ ಮನೆಗೆ ಬಂದು, ಬ್ಯಾಗು ತೆಗೆದುಕೊಂಡು ಏರ್‌ಪೋರ್ಟ್ ಕಡೆ ತಿರುಗಿದೆವು. ಹೆಬ್ಬಾಳದಲ್ಲಿ ಟ್ರಾಫಿಕ್ಕು ಅಲ್ಲಾಡುತ್ತಿಲ್ಲ. ನಾನು ಹಿಂದೆ ಬ್ಯಾಗನ್ನು ಮಗುವಿನ ಹಾಗೆ ಅವುಚಿಕೊಂಡು ಕೂತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಹೊಗೆಗೆ ಎಂದು ವಿಠ್ಠಲನಿಗೆ ಹೇಳಿದೆ. ಇಷ್ಟು ದಿನದಲ್ಲಿ ಅವಳಿಗಾಗಿ ನಾನು ವಹಿಸಿಕೊಂಡಿದ್ದು ಈ ಪ್ರಯಾಣವೊಂದೇ, ಅದನ್ನೂ ಹಾಳು ಮಾಡಿದೆ ಅನ್ನಿಸಿತು.

ಯಲಹಂಕ ದಾಟುವಾಗ ಫೋನು ಬಂತು.

"ರೀ, ಎಲ್ಲಿದೀರಾ? ನಾನು ಒಳಗ್ ಬಂದೆ. ಸೆಕ್ಯೂರಿಟಿನೂ ಆಯ್ತು."

"ಆಧಾರ್ ಇಲ್ದೆ ಹೇಗೆ ಬಿಟ್ರೇ?"

"ನಿಮ್ ಚಿನ್ನುನ ಕೇಳ್ದೆ. ಫೋನಲ್ಲಿರೋ ಆಧಾರೂ ನಡೆಯತ್ತೆ ಅಂತ ಹೇಳಿದ್ಲು. ಅಲ್ಲೇ ನಿಂತ್ಕೊಂಡು ಇಳಿಸ್ಕೊಂಡೆ. ಪಾಪ, ಒಳ್ಳೆ ಹುಡುಗಿ ರೀ."

"ಶೂ?"

"ಸುಮಾ ಹತ್ರ ಇನ್ನೊಂದ್ ಜೊತೆ ಇದ್ಯಂತೆ. ಜೆರ್ಸಿನೂ ಇದೆ. ನೀವು ನಿಧಾನಕ್ಕೆ ಮನೆಗ್ ಹೋಗಿ, ತಿಂಡಿ ತಿನ್ನಿ." ಫೋನಿಡುವ ಮುಂಚೆ, "ಬ್ಯಾಗ್ ತರೋಕೆ ಹೋದ್ರಲ್ಲ, ಅಷ್ಟು ಸಾಕು ರೀ" ಅಂದಳು.

ಸಾಕು ಅಂದಿದ್ದು ನಿಜ, ಆದರೆ ಸ್ಕೂಟರು ಇಷ್ಟು ದೂರ ಬಂದಿದೆ. "ವಿಮಾನನಾದ್ರೂ ನೋಡ್ಕೊಂಡ್ ಹೋಗೋಣ ಬಾರಣ್ಣ" ಅಂದ ವಿಠ್ಠಲ. ಏರ್‌ಪೋರ್ಟಿನ ಬೇಲಿಯ ಆಚೆ ಒಂದು ಎಳನೀರಿನ ಗಾಡಿ ಹತ್ತಿರ ನಿಂತೆವು. ಹನ್ನೊಂದರ ಸುಮಾರಿಗೆ ಒಂದರ ಹಿಂದೊಂದು ಎದ್ದವು. ಯಾವುದು ಅವಳದೆಂದು ಗೊತ್ತಾಗಲಿಲ್ಲ, ಹಾಗಾಗಿ ಎಲ್ಲಕ್ಕೂ ಕೈ ಬೀಸಿದೆವು.

ಮನೆಗೆ ಬಂದು ನೀಲಿ ಬ್ಯಾಗನ್ನು ಅಮ್ಮನ ಮುಂದಿಟ್ಟೆ. "ಪ್ರಸ್ಥಾನ ಇಲ್ಲೇ ಉಳೀತಲ್ಲಮ್ಮ, ದೋಷ ಏನಾದ್ರೂ ಉಂಟಾ?" ಎಂದು ಕೇಳಿದೆ. ಅಮ್ಮ ಯೋಚಿಸಿ, "ನೀನು ಅದ್ರ ಜೊತೆ ಊರೆಲ್ಲ ಸುತ್ತಿದ್ಯಲ್ಲ. ಬಂದ ದೋಷ ನಿನಗೇ ಬಂತು ಬಿಡು" ಅಂದರು.

ಫೆಬ್ರವರಿ 12, ಗುರುವಾರ

ಮೊದಲ ಪಂದ್ಯ ಗೆದ್ದರು, ಎರಡನೆಯದೂ. ಇವತ್ತು ಸೆಮಿಫೈನಲ್‌ನಲ್ಲಿ ಸೋತರು. ಸುಮಾ ಫೋನಿನಲ್ಲಿ ಲೈವ್ ಹಾಕಿಸಿದ್ದರು, ಅಮ್ಮನೂ ನಾನೂ ವಿಠ್ಠಲನೂ ಟೇಬಲ್ಲಿನ ಮೇಲೆ ಫೋನು ಒರಗಿಸಿ ನೋಡಿದೆವು. ಲತಾ ಕಾಲಿಗೆ ಒಂದು ಸೈಜು ದೊಡ್ಡ ಶೂ, ಒಳಗೆ ಎರಡು ಜೊತೆ ಕಾಲುಚೀಲವಂತೆ. ಮೂರನೆಯ ಸೆಟ್ಟಿನಲ್ಲಿ ಅವಳು ಚೆಂಡು ಇಟ್ಟುಕೊಂಡದ್ದು ಹೆಚ್ಚಾಯಿತೆಂದು ರೆಫರಿ ಪಾಯಿಂಟ್ ಆ ಕಡೆಗೆ ಕೊಟ್ಟ. ಮೂರು ಸೆಕೆಂಡ್ ಆಗಿರಲೇ ಇಲ್ಲ! ಎದ್ದು ನಿಂತು ಕೂಗಿದೆ. ಅಮ್ಮ, "ಅವ್ನಿಗೆ ಕೇಳ್ಸಲ್ಲ ಕೂತ್ಕೊಳೋ" ಅಂದರು.

ಆಮೇಲೆ ಲತಾ ಫೋನು ಮಾಡಿದಳು. ದನಿ ಬಿದ್ದುಹೋಗಿತ್ತು, ಆದರೂ ನಗುತ್ತಿದ್ದಳು. ಮೈದಾನದಲ್ಲಿ ನೋಡಿದ ಅದೇ ನಗು, ಈ ಸಲ ನನ್ನ ಕಿವಿಗೇ ನೇರವಾಗಿ ಬಂತು. ಮುಂದಿನ ವರ್ಷ ಜೈಪುರವಂತೆ. "ಟಿಕೆಟ್ ನಾನೇ ಮಾಡ್ಕೋತೀನಿ" ಅಂದಳು. ಒಳ್ಳೆಯದು ಅಂದೆ. ಶನಿವಾರ ರೈಲು ಬರುವ ಹೊತ್ತು ಕೇಳಿಕೊಂಡೆ. ಉಪ್ಸಾರು ಮಾಡಿಟ್ಟಿರುತ್ತೇನೆ, ನಿನ್ನೆಯದು ಅಷ್ಟೇನೂ ಕೆಟ್ಟಿರಲಿಲ್ಲ.

ರಾತ್ರಿಯ ಅನ್ನಕ್ಕೆ ಕುಕ್ಕರ್ ಇಟ್ಟು ಕೂತಾಗ ಚಿನ್ನು ಬಂತು. ಸೋಮವಾರದ ಆ ಖಾಲಿ ಸೀ‌ಟಿನ ವಿಚಾರಣೆ. "ಮಹದೇವ್ ಅವರೇ, ತಮ್ಮ ಇಂದೋರ್ ಪ್ರಯಾಣ ಹೇಗಿತ್ತು? ಮೊದಲಿಗೆ ಒಂದು ಪ್ರಶ್ನೆ. ಪ್ರಯಾಣಿಕರು ನೀವೇನಾ?"

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಅಲ್ಲ ಎಂದು ಒತ್ತಿದೆ.

"ಕ್ಷಮಿಸಿ! ಹಾಗಾದರೆ ತಾವು ಯಾರು? ದಯವಿಟ್ಟು ಟೈಪ್ ಮಾಡಿ."

ಸ್ವಲ್ಪ ಹೊತ್ತು ಯೋಚಿಸಿ ಟೈಪ್ ಮಾಡಿದೆ: ಲತಾ ಮೇಡಂ ಹಸ್ಬೆಂಡ್.

ಹಕ್ಕಿ ರೆಕ್ಕೆ ಬಡಿಯಿತು. "ಧನ್ಯವಾದ, ಲತಾ ಮೇಡಂ ಹಸ್ಬೆಂಡ್ ಅವರೇ! ಇನ್ನು ಮುಂದೆ ತಮ್ಮನ್ನು ಹೀಗೇ ಕರೆಯಲೇ?"

ಹೌದು ಎಂದು ಒತ್ತಿದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದೆ.